ಮಾಳಿಗೆಯ ಮೇಲೆ ಚರಗ

ಶಾವಿಗೆಯ ಒಂದು ಎಳೆಯೂ ನವಿಲಿನ ಹೊಟ್ಟೆಗೆ ಹೋಗಬಾರದು, ನವಿಲಿನ ಒಂದು ಗರಿಯೂ ಕೊಂಕಬಾರದು. ಕೋಲು ಹಿಡಿಯದೆ, ಕಲ್ಲು ಎತ್ತದೆ, ಈ ಎರಡನ್ನೂ ಒಬ್ಬನೇ ಸಾಧಿಸಿ ತೋರಿಸುತ್ತೇನೆ ಎಂದು ಕಳೆದ ಬೇಸಿಗೆಯ ಒಂದು ಗುರುವಾರ ನಾನು ಪಣ ತೊಟ್ಟೆ. ತೊಟ್ಟಿದ್ದು ಮನಸ್ಸಿನಲ್ಲಿ ಅಲ್ಲ, ಹೆಂಡತಿಯ ಎದುರು, ಪಕ್ಕದ ಮನೆಯ ಶಮ್ಸುನ್ನಿಸಾ ಕೇಳುವ ಹಾಗೆ. ಮನಸ್ಸಿನಲ್ಲೇ ತೊಟ್ಟಿದ್ದರೆ ಇವತ್ತು ನಿಮ್ಮ ಮುಂದೆ ಈ ಕತೆ ಬಿಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ.

ನಾನು ದೊಡ್ಡಪ್ಪ ಮಾಸ್ತರ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಕಲಿಸಿ ನಿವೃತ್ತನಾದವನು. ನಾನು ‘ಸಾವಧಾನ್’ ಎಂದರೆ ಮೈದಾನದ ಹುಡುಗರಷ್ಟೇ ಅಲ್ಲ, ಬೇಲಿಯಾಚೆ ಮೇಯುತ್ತಿದ್ದ ಆಡುಗಳೂ ಕಿವಿ ನೆಟ್ಟಗೆ ಮಾಡುತ್ತಿದ್ದವು. ಮನೆಯಲ್ಲಿ ಮಾತ್ರ ಆ ಮಾತನ್ನು ಎಂದೂ ಪ್ರಯೋಗಿಸಿ ನೋಡಿಲ್ಲ. ಅಷ್ಟು ಬುದ್ಧಿ ನನಗಿದೆ.

ನಮ್ಮ ಮನೆ ಆಳಂದದ ಹೊರಗೆ, ಕಡಗಂಚಿಯ ಕಡೆ ಹೋಗುವ ರಸ್ತೆಗೆ ಹತ್ತಿದ ಹೊಸ ಬಡಾವಣೆಯಲ್ಲಿದೆ. ಹತ್ತು ವರ್ಷದ ಹಿಂದೆ ಅದು ಗುರುಪಾದಪ್ಪನವರ ತೊಗರಿ ಹೊಲ. ಹೊಲ ಎನ್.ಎ. ಆಯಿತು, ಕಲ್ಲು ನೆಟ್ಟರು, ಪ್ಲಾಟು ಮಾಡಿದರು, ನಾವು ಬಂದು ಮನೆ ಕಟ್ಟಿದೆವು. ಹೊಲದಲ್ಲಿದ್ದ ನವಿಲುಗಳಿಗೆ ಮಾತ್ರ ಯಾರೂ ನೋಟಿಸು ಕೊಟ್ಟಿರಲಿಲ್ಲ. ಅವು ತಮ್ಮ ಹೊಲದಲ್ಲೇ ಇದ್ದವು. ನಮ್ಮ ಗೇಟು, ಕಾಂಪೌಂಡು, ನೀರಿನ ಟ್ಯಾಂಕುಗಳೆಲ್ಲ ಈ ಸಲ ತೊಗರಿಯ ನಡುವೆ ಎದ್ದಿರುವ ಯಾವುದೋ ಹೊಸ ಕಳೆ ಎಂದು ತಿಳಿದು, ಅವುಗಳ ಮೇಲೆ ಒಂದು ಗಳಿಗೆ ಕೂತು ಹಾರಿ ಹೋಗುತ್ತಿದ್ದವು. ದೂರವಿದ್ದ ಅವುಗಳನ್ನು ಹತ್ತಿರ ಕರೆದವನು ನಾನು. ಅದನ್ನೂ ಹೇಳಿಬಿಡುತ್ತೇನೆ.

ಎಳ್ಳ ಅಮಾವಾಸ್ಯೆಗೆ ನಾವು ತಪ್ಪದೆ ಅತನೂರಿಗೆ, ನನ್ನ ಅಣ್ಣನ ಹೊಲಕ್ಕೆ ಹೋಗುವವರು. ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಹೊತ್ತುಕೊಂಡು ಹೋಗಿ, ಹೊಲದ ಸುತ್ತ ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ಅಲ್ಲೇ ಕೂತು ಉಣ್ಣುವುದು. ಮೊದಲ ತುತ್ತು ತಾಯಿಗೆ, ಉಳಿದದ್ದು ಮಕ್ಕಳಿಗೆ. ಹೋದ ಸಲ ನನ್ನ ಮೊಣಕಾಲು ಹಿಡಿದುಕೊಂಡು ಹೋಗಲಾಗಲಿಲ್ಲ. ನನ್ನ ಹೆಂಡತಿ ಸುಭದ್ರಾಬಾಯಿ ನಸುಕಿನಲ್ಲೇ ಎದ್ದು ಎಲ್ಲ ಅಡಿಗೆ ಮಾಡಿಟ್ಟು, ಮುಖ ಸಣ್ಣದು ಮಾಡಿಕೊಂಡು ಕೂತಳು.

“ಹೊಲ ಇಲ್ಲಂದ್ರ ಚರಗ ಎಲ್ಲಿ ಚೆಲ್ಲೂದ್ರಿ? ಬಚ್ಚಲದಾಗ ಚೆಲ್ಲಲೇನು?”

“ಮನಿ ಮುಂದಿನ ಖಾಲಿ ಪ್ಲಾಟ್ ಅದಲ್ಲ? ಅದೂ ಮೊನ್ನಿ ತನಕ ಹೊಲನ ಇತ್ತು. ಭೂಮ್ತಾಯಿ ಏನು ಪಹಣಿ ನೋಡಿ ಉಣ್ತಾಳೇನು?” ಎಂದೆ.

ಚರಗ ಚೆಲ್ಲುವಾಗ ಕೂಗಬೇಕು: “ಹುಲ್ಲುಲ್ಲಿಗ್ಯೋ... ಹುಲ್ಲುಲ್ಲಿಗ್ಯೋ...” ಹೊಲದಲ್ಲಾದರೆ ಅದು ಗಾಳಿಯಲ್ಲಿ ಕರಗಿ ಹೋಗುವ ಕೂಗು. ಇಲ್ಲಿ ಸುತ್ತಲೂ ಗೋಡೆ, ಕೂಗಿದ್ದು ಡ್ರಿಲ್ ಮಾಸ್ತರನ ಗಂಟಲು. ನಾಲ್ಕು ಮನೆಗಳ ಬಾಗಿಲು ತೆರೆದವು. ಅದರ ಹಿಂದೆಯೇ ನವಿಲುಗಳು ಬಂದವು. ಮುಂದೆ ಒಂದು ಗಂಡು, ಹಿಂದೆ ಮೂರು ಹೆಣ್ಣು. ಚೆಲ್ಲಿದ ಭಜ್ಜಿಯನ್ನು ಒಂದಗುಳೂ ಬಿಡದೆ ಉಂಡವು.

“ನೋಡ್ರಿ, ತಾಯಿನ ಕಳಸ್ಯಾಳ ಇವನ್ನ” ಎಂದು ಸುಭದ್ರಾಬಾಯಿ ಕೈ ಮುಗಿದಳು. ಈ ಮಾತನ್ನು ಮುಂದೆ ನಾನು ಎಷ್ಟೋ ಸಲ ಅವಳಿಗೆ ನೆನಪು ಮಾಡಿಕೊಟ್ಟಿದ್ದೇನೆ. ಆಡಿದ ನೆನಪೇ ಇಲ್ಲವಂತೆ.

ಚರಗ ವರ್ಷಕ್ಕೊಂದು ದಿನದ್ದು. ಪಿಂಚಣಿದಾರನಿಗೆ ಉಳಿದ ದಿನಗಳೂ ಇರುತ್ತವಲ್ಲ. ಮರುದಿನ ಉಳಿದ ರೊಟ್ಟಿ ಮುರಿದುಕೊಂಡು ಹೋಗಿ ಅದೇ ಜಾಗದಲ್ಲಿ ನಿಂತು ಕೂಗಿದೆ. ಬಂದವು. ಅದರ ಮರುದಿನ ಜೋಳ. ಒಂದು ತಿಂಗಳಲ್ಲಿ ಒಂಬತ್ತು ನವಿಲು, ಕೂಗಿದ ಅರ್ಧ ನಿಮಿಷದಲ್ಲಿ ಹಾಜರ್. ಮೂವತ್ತೊಂದು ವರ್ಷದಲ್ಲಿ ಯಾವ ಹತ್ತನೇ ಇಯತ್ತೆಯೂ ನನಗೆ ಇಂಥ ಹಾಜರಿ ಕೊಟ್ಟಿರಲಿಲ್ಲ. ನಾನು ಸಿಕ್ಕಸಿಕ್ಕವರನ್ನು ಕರೆದು ತೋರಿಸಿದೆ. ಚಹಾದಂಗಡಿಯಲ್ಲಿ ನನ್ನನ್ನು ನವಿಲ ಮಾಸ್ತರ ಎನ್ನತೊಡಗಿದರು. ನಾನು ಕೇಳಿಸದವನಂತೆ ಮುಖ ಮಾಡಿ, ಇನ್ನೊಂದು ಸಲ ಅನ್ನಲಿ ಎಂದು ಕಾಯುತ್ತಿದ್ದೆ.

ಬಡಾವಣೆಯ ಅನುಭವ ಬೇರೆಯಿತ್ತು. ಬೈಕುಗಳ ಸೀಟಿನ ಮೇಲೆ ನವಿಲುಗಳು ದಿನವೂ ರುಜು ಹಾಕಿ ಹೋಗುತ್ತಿದ್ದವು. ಶಮ್ಸುನ್ನಿಸಾಳ ಗಂಡ ಅಬ್ದುಲ್ ಗನಿ ಬಸ್ಸು ಓಡಿಸಿ ನಿವೃತ್ತನಾದವನು. ಒಂದು ದಿನ ಕಾಂಪೌಂಡಿನ ಮೇಲೆ ಗದ್ದ ಊರಿ ಹೇಳಿದ:

“ಮಾಸ್ತರ್ ಸಾಬ್, ಮೂವತ್ತು ವರ್ಷ ನಾನು ಮಂದಿಗಿ ಹಾರ್ನ್ ಹೊಡದೀನಿ. ಈಗ ನಸೀಬ್ ನೋಡ್ರಿ, ನಸುಕಿನಾಗ ಎದ್ದು ಇವು ನನಗ ಹೊಡ್ಯಾಕತ್ತಾವ.”

ಇಷ್ಟರಲ್ಲಿ ಬೇಸಿಗೆ ಬಂತು. ಜೇವರ್ಗಿಗೆ ಕೊಟ್ಟ ನಮ್ಮ ಮಗಳು ಶಾಂಭವಿಗೆ ಏಳು ತಿಂಗಳು. ಬೀಗರ ಮನೆಯಲ್ಲಿ ಸೋಮವಾರ ಕುಬಸ. ಕುಬಸದ ದಿನ ಬಸುರಿ ಉಣ್ಣುವ ಮೊದಲ ಬಟ್ಟಲು ತವರಿನ ಶಾವಿಗೆಯ ಪಾಯಸ ಆಗಬೇಕೆಂಬುದು ನಮ್ಮ ಮನೆತನದ ಪದ್ಧತಿ. ಜೊತೆಗೆ ಬಂದವರಿಗೆಲ್ಲ ಬಡಿಸುವಷ್ಟು ಬುತ್ತಿ ಹೋಗಬೇಕು.

ಆದರೆ ಸುಭದ್ರಾಬಾಯಿಗೆ ಇದು ಬರೀ ಪದ್ಧತಿಯಾಗಿರಲಿಲ್ಲ. ಎರಡು ವರ್ಷದ ಹಿಂದೆ ಮದುವೆಯ ಬುತ್ತಿ ಬಿಚ್ಚುವಾಗ ಬೀಗಿತಿ ನಗುನಗುತ್ತಲೇ ಒಂದು ಮಾತು ಅಂದಿದ್ದಳು. “ನಿಮ್ಮ ಆಳಂದ ಕಡಿ ಶಾವಿಗಿ ಜರಾ ದಪ್ಪ ಇರ್ತಾವಲ್ರಿ?” ಅಷ್ಟೇ ಮಾತು. ಸುಭದ್ರಾಬಾಯಿ ಅದನ್ನು ಮಡಿಚಿ, ಇಳಕಲ್ಲ ಸೀರೆಯ ಹಾಗೆ ಟ್ರಂಕಿನ ತಳದಲ್ಲಿಟ್ಟು, ಆಗಾಗ ತೆಗೆದು ನೋಡಿಕೊಳ್ಳುತ್ತಿದ್ದಳು.

ಹಾಗಾಗಿ ಈ ಸಲದ ಸಿದ್ಧತೆ ಬೇರೆ ತರಹದ್ದು. ಗೋಧಿ ನೆನೆಸಿದಳು, ಒಣಗಿಸಿದಳು, ಬೀಸಿಸಿ ತಂದು ತೆಳು ಬಟ್ಟೆಯಲ್ಲಿ ಎರಡೆರಡು ಸಲ ಸೋಸಿದಳು. ವಾರ ಹಿಡಿಯಿತು. ಶಮ್ಸುನ್ನಿಸಾ ತನ್ನ ಕೈಯಿಂದ ತಿರುಗಿಸುವ ಶಾವಿಗೆ ಮಷೀನು ತಂದು, ಎಲ್ಲಕ್ಕಿಂತ ಸಣ್ಣ ತೂತಿನ ಬಿಲ್ಲೆ ಹಾಕಿದಳು. ರಂಜಾನಿಗೂ ಆ ಬಿಲ್ಲೆಯನ್ನು ಆಕೆ ಯಾರಿಗೂ ಕೊಟ್ಟವಳಲ್ಲ. ಗುರುವಾರ ಬೆಳಿಗ್ಗೆ ಇಬ್ಬರೂ ಸೇರಿ ಒತ್ತಿದ ಶಾವಿಗೆ ನಮ್ಮ ಮಾಳಿಗೆಯ ಮೇಲೆ ಹದಿನಾಲ್ಕು ಕೋಲುಗಳಿಂದ ಇಳಿಬಿದ್ದಿತ್ತು. ಕೂದಲೆಳೆಯಂಥ ಶಾವಿಗೆ. ಗಾಳಿ ಬಂದರೆ ತೂಗುತ್ತಿತ್ತು, ನೋಡಿದರೆ ಕೈ ಮುಗಿಯುವ ಹಾಗಿತ್ತು.

“ಇನ್ನ ಇವನ್ನ ಕಾಯೋರು ಯಾರ್ರಿ?” ಎಂದಳು ಸುಭದ್ರಾಬಾಯಿ, ಎದುರಿನ ಬೇವಿನ ಮರದ ಕಡೆ ನೋಡುತ್ತ. ಮರದಲ್ಲಿ ಒಂಬತ್ತು ಕುತ್ತಿಗೆಗಳು ಇತ್ತಲೇ ತಿರುಗಿದ್ದವು.

“ಸುಭದ್ರಾ ಬಾಯಿ, ಮಾಸ್ತರ್ ಸಾಬರನ್ನ ಕುಂಡ್ರಸ್ರಿ. ಅವರದೇ ಶಾಗಿರ್ದರು” ಎಂದಳು ಶಮ್ಸುನ್ನಿಸಾ.

ಆಗಲೇ ನಾನು ಮೇಲೆ ಹೇಳಿದ ಪಣ ತೊಟ್ಟಿದ್ದು. ಸುಭದ್ರಾಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಬೀಗಿತಿ ಮುಂದ ನನ್ನ ತಲಿ ಏಳೂದು ಬೀಳೂದು ಇವತ್ತ ನಿಮ್ಮ ಕೈಯಾಗ ಅದ. ಸಂಜಿ ತನಕ ಬಾಯಿ ಮುಚ್ಕೊಂಡು ಕುಂಡ್ರಬೇಕು. ಅಷ್ಟ ಆದ್ರ ಸಾಕು.”

“ಬೇಫಿಕರ್ ಇರು” ಎಂದೆ.

ನನ್ನ ಯೋಜನೆ ಸೇನಾಪತಿಗಳು ಮೆಚ್ಚುವಂಥದ್ದು. ಮೊದಲು ಖಾಲಿ ಪ್ಲಾಟಿಗೆ ಹೋಗಿ, ಕೂಗಿ ಕರೆದು, ದಿನದ ಎರಡರಷ್ಟು ಜೋಳ ಹಾಕಿದೆ. ಹೊಟ್ಟೆ ತುಂಬಿದ ಶತ್ರು ಅರ್ಧ ಮಿತ್ರ. ತಿಂದು ಮರ ಏರಿದವು. ಆಮೇಲೆ ಮಾಳಿಗೆ ಏರಿ, ಕೊನೆಯ ಕೋಲಿನ ಪಕ್ಕ ಕುರ್ಚಿ ಹಾಕಿ, ಛತ್ರಿ ಬಿಡಿಸಿಕೊಂಡು ಕೂತೆ. ಹತ್ತು ಗಂಟೆ ಆಯಿತು, ಹನ್ನೊಂದಾಯಿತು, ಒಂದು ನವಿಲೂ ಅಲುಗಲಿಲ್ಲ. ಹನ್ನೆರಡಕ್ಕೆ ಶಾವಿಗೆ ಮುಕ್ಕಾಲು ಒಣಗಿತ್ತು. ಗೆದ್ದೆ ಎಂದುಕೊಂಡೆ. ಗೆದ್ದದ್ದನ್ನು ನೋಡಲು ಒಬ್ಬರೂ ಇಲ್ಲವಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ಆಗ ಫೋನು ರಿಂಗಾಯಿತು. ವಿಡಿಯೋ ಕಾಲು. ಜೇವರ್ಗಿಯ ಬೀಗರು ಕಲ್ಲಿನಾಥ. ಅವರ ಭುಜದ ಹಿಂದೆ ಬೀಗಿತಿ, ಪಕ್ಕದಲ್ಲಿ ಶಾಂಭವಿ.

“ನಮಸ್ಕಾರ್ರಿ ಬೀಗರ. ಸೋಮವಾರ ಎಷ್ಟು ಮಂದಿ ಬರ್ತೀರಿ ಅಂತ ಕೇಳಾಕ ಹಚ್ಚಿದ್ವಿ” ಎಂದರು ಕಲ್ಲಿನಾಥ. ಲೆಕ್ಕ ಹೇಳಿದೆ. “ಅಂದಂಗ ನಿಮ್ಮ ನವಿಲ ಸುದ್ದಿ ಜೇವರ್ಗಿ ತನಕ ಬಂದದ. ಚರಗದ ಕೂಗ ಹಾಕಿದ್ರ ಬರ್ತಾವಂತ ಖರೇ ಏನು?”

“ಬರ್ತಾವ್ರಿ” ಎಂದೆ. ಇಷ್ಟಕ್ಕೇ ಬಿಡಬಹುದಿತ್ತು.

“ಎಲ್ಲಿ ಬರ್ತಾವ್ರಿ, ಸುಮ್ನ ಹೇಳ್ತೀರಿ ಮಾಸ್ತರ. ಅವೇನು ಆಕಳಾ, ನಾಯಾ, ಕರದ್ರ ಬರಾಕ?”

“ಅಪ್ಪಾ, ಬ್ಯಾಡಪ್ಪಾ” ಎಂದು ಶಾಂಭವಿ ಏನನ್ನೋ ಕಂಡವಳಂತೆ ಹೇಳಿದಳು. ಅವಳು ಏನು ಕಂಡಳೋ ಅದು ನನ್ನ ಬೆನ್ನ ಹಿಂದೆ ಹದಿನಾಲ್ಕು ಕೋಲುಗಳ ಮೇಲೆ ತೂಗುತ್ತಿತ್ತು. ನನಗೆ ಕಾಣುತ್ತಿದ್ದದ್ದು ಫೋನಿನಲ್ಲಿ ನಗುತ್ತಿದ್ದ ಬೀಗರ ಮುಖ ಮಾತ್ರ.

ನಾನು ಎದ್ದು ನಿಂತೆ. ಎದೆ ಉಬ್ಬಿಸಿದೆ. ಫೋನನ್ನು ಕೈ ಚಾಚಿ ಹಿಡಿದೆ. ಮೂವತ್ತೊಂದು ವರ್ಷದ ಗಂಟಲು ತೆರೆಯಿತು:

“ಹುಲ್ಲುಲ್ಲಿಗ್ಯೋ...!”

ಅರ್ಧ ನಿಮಿಷವೂ ಬೇಕಾಗಲಿಲ್ಲ. ಬೇವಿನ ಮರ ಒಮ್ಮೆ ಜಗ್ಗಿ ನಿಂತಿತು. ಒಂಬತ್ತೂ ಬಂದವು, ನಾನು ಎಲ್ಲಿ ನಿಂತು ಕೂಗಿದೆನೋ ಅಲ್ಲಿಗೇ. ತಪ್ಪು ಅವುಗಳದ್ದಲ್ಲ, ಅವು ಕಲಿತ ಪಾಠವನ್ನು ಒಪ್ಪಿಸಿದವು. ಹೊಟ್ಟೆ ತುಂಬಿದ ಶತ್ರುವಿನ ಬಗ್ಗೆ ನನ್ನ ಶಾಸ್ತ್ರ ಸುಳ್ಳಾಯಿತು. ಹೆಣ್ಣು ನವಿಲುಗಳು ಕೋಲಿಗೊಂದರಂತೆ ನಿಂತು ಪಂಕ್ತಿ ಊಟ ಆರಂಭಿಸಿದವು. ದೊಡ್ಡ ಗಂಡು ನಡುವಿನ ಕೋಲಿನ ಮೇಲೆ ಕೂತಿತು, ಕೋಲು ಲಟಕ್ಕೆಂದಿತು, ಅದರ ಆಸರೆಯ ಇನ್ನೈದು ಕೋಲುಗಳೂ ಮಲಗಿದವು. ಗಾಬರಿಗೊಂಡ ಅದು ಆ ಉದ್ದನೆಯ ಗರಿಗಳನ್ನು ಎಳೆದುಕೊಂಡು ಒಂದು ಸುತ್ತು ತಿರುಗಿದಾಗ, ಉಳಿದದ್ದನ್ನೂ ಮಾಳಿಗೆಯಿಂದ ಗುಡಿಸಿದ ಹಾಗಾಯಿತು. ಒಂದು ನವಿಲಂತೂ ಕೊರಳಿಗೆ ಶಾವಿಗೆಯ ಹಾರ ಹಾಕಿಕೊಂಡು, ಮದುಮಗನ ಗತ್ತಿನಲ್ಲಿ ಅಬ್ದುಲ್ ಗನಿಯ ಟ್ಯಾಂಕಿನ ಮೇಲೆ ಹೋಗಿ ಕೂತಿತು.

ನಾನು ‘ಸಾವಧಾನ್’ ಎಂದೆ. ‘ವಿಶ್ರಾಮ್’ ಎಂದೆ. ‘ಪೀಛೇ ಮುಡ್’ ಕೂಡ ಎಂದೆ. ಅವಕ್ಕೆ ಬರುತ್ತಿದ್ದದ್ದು ಒಂದೇ ಆಜ್ಞೆ.

ಕೈಯಲ್ಲಿದ್ದ ಫೋನು ಇನ್ನೂ ಚಾಲೂ ಇತ್ತು. ಅದರೊಳಗಿಂದ ಕಲ್ಲಿನಾಥರ ದನಿ ಬಂತು, ಬಹಳ ಮರ್ಯಾದೆಯಿಂದ.

“ಬಂದಾವ್ರಿ ಬೀಗರ. ಒಪ್ಪಿದೆ. ಸಾಕ್ರಿ.”

ಮೆಟ್ಟಿಲ ಮೇಲೆ ಸುಭದ್ರಾಬಾಯಿ ನಿಂತಿದ್ದಳು. ಬೈಯಲಿಲ್ಲ. ಅತ್ತಿದ್ದರೂ ನಾನು ಹೇಗೋ ತಾಳುತ್ತಿದ್ದೆ. ಅವಳು ಮಾಳಿಗೆಯನ್ನೊಮ್ಮೆ ನೋಡಿ, ನನ್ನನ್ನು ನೋಡದೆ ನಡೆದು ಬಂದಳು. ನನ್ನ ಛತ್ರಿಯ ನೆರಳಿನಲ್ಲಿದ್ದ ಕೊನೆಯ ಕೋಲೊಂದು ಮಾತ್ರ ಉಳಿದಿತ್ತು. ಅದರ ಶಾವಿಗೆಯನ್ನು ಸೆರಗಿನಲ್ಲಿ ತುಂಬಿಕೊಂಡು ಕೆಳಗಿಳಿದಳು. ಒಂದು ಬಟ್ಟಲು ಪಾಯಸಕ್ಕೆ ಆಗುವಷ್ಟು. ಶಾಂಭವಿಯ ಬಟ್ಟಲು ಉಳಿಯಿತು. ತಾಯಿಯ ತಲೆ ಎತ್ತಿಸಬೇಕಾಗಿದ್ದ ಬುತ್ತಿ ಉಳಿಯಲಿಲ್ಲ.

ಅಲ್ಲಿಂದ ನಾಲ್ಕು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಚಹಾ ಬರುತ್ತಿತ್ತು, ರೊಟ್ಟಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮತ್ತೆ ಗೋಧಿ ನೆನೆಸಿ ಹಿಟ್ಟು ಮಾಡಲು ದಿನಗಳಿರಲಿಲ್ಲ. ಕೊನೆಗೆ ಶಮ್ಸುನ್ನಿಸಾ ತನ್ನ ಮನೆಯ ದಿನಬಳಕೆಯ ಶಾವಿಗೆ ಡಬ್ಬಿ ತಂದಳು. ಆಕೆಯೇ ಹೋಗಿ ಇನ್ನೂ ಮೂರು ಮನೆಗಳಲ್ಲಿ ಕೇಳಿ ತಂದಳು. ನಾಲ್ಕು ಮನೆಯ ಶಾವಿಗೆ, ನಾಲ್ಕು ಥರದ್ದು. ಎಲ್ಲವೂ ದಪ್ಪವೇ.

“ಮಾಸ್ತರ್ ಸಾಬ್, ಈ ಡಬ್ಬಿ ಜೇವರ್ಗಿ ಮುಟ್ಟೋ ತನಕ ಯಾರನ್ನೂ ಕರೀಬ್ಯಾಡ್ರಿ. ಬಸ್ಸಿನಾಗ ಕಂಡಕ್ಟರನ್ನೂ ಕರೀಬ್ಯಾಡ್ರಿ” ಎಂದಳು ಬುತ್ತಿ ಕಟ್ಟುತ್ತ.

ಸೋಮವಾರ ಜೇವರ್ಗಿಯಲ್ಲಿ ಮನೆ ತುಂಬ ಹೆಂಗಸರು. ಶಾಂಭವಿ ಹಸಿರು ಸೀರೆ ಉಟ್ಟು ಕೂತಿದ್ದಳು. ಬೀಗಿತಿ ಬುತ್ತಿಯ ಗಂಟು ಬಿಚ್ಚುವಾಗ ನಾನು ಪಡಸಾಲೆಯಲ್ಲಿ ಗಂಡಸರ ನಡುವೆ ತಲೆ ತಗ್ಗಿಸಿದೆ. ಸುಭದ್ರಾಬಾಯಿ ಬಾಗಿಲಿಗೆ ಆತು ನಿಂತಿದ್ದಳು, ಎರಡು ವರ್ಷದ ಆ ಮಾತು ಮತ್ತೆ ಬರುವುದನ್ನೇ ಕಾಯುವವಳಂತೆ.

ಬೀಗಿತಿ ಒಂದು ಹಿಡಿ ಶಾವಿಗೆ ಎತ್ತಿ ಬೆಳಕಿಗೆ ಹಿಡಿದಳು.

“ಇವಲ್ರಿ ಬೀಗಿತೇರ. ಅವತ್ತ ಫೋನಿನಾಗ ಕಂಡಿದ್ದು ಎಂಥ ಶಾವಿಗಿ! ಕೂದಲೆಳಿ ಹಾಂಗ ಇದ್ವು. ನಮ್ಮ ಓಣಿಯಾಗ ಅಂಥವು ಯಾರ ಕೈಲೂ ಆಗೂದಿಲ್ಲ. ನಾನು ನವಿಲ ನೋಡ್ಲೇ ಇಲ್ರಿ, ಶಾವಿಗಿನ ನೋಡ್ಕೋತ ಕುಂತಿದ್ದೆ. ಎಲ್ಲಾ ಅವ ತಿಂದ್ವೇನು?”

“ಎಲ್ಲಾ ಅಲ್ರಿ. ನಿಮ್ಮ ಸೊಸಿ ಬಟ್ಟಲಕ್ಕ ಉಳಿಸಿ ತಂದೀನಿ” ಎಂದಳು ಸುಭದ್ರಾಬಾಯಿ. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಹೆಂಗಸರೆಲ್ಲ ಬಗ್ಗಿ ನೋಡಿದರು. ಅವಳ ತಲೆ ಎಷ್ಟು ಮೇಲೆ ಎದ್ದಿತೆಂದರೆ, ಬಾಗಿಲಿನ ತೋರಣ ತಾಗೀತೇನೋ ಎಂದು ನನಗೆ ಭಯವಾಯಿತು.

ಕುಬಸ ಮುಗಿಯಿತು. ಮಗಳು ಪಾಯಸ ಉಂಡಳು. ಗಂಡಸರ ಪಂಕ್ತಿಗೆ ಎಲೆ ಹಾಕಿದರು. ಕರೆಯುವ ತನಕ ಏಳಬಾರದು, ಬೀಗರ ಮನೆ ಎಂದು ನಾವೆಲ್ಲ ಪಡಸಾಲೆಯಲ್ಲಿ ಗಂಭೀರವಾಗಿ ಕೂತಿದ್ದೆವು. ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಆಗ ಒಳಮನೆಯ ಬಾಗಿಲಿನಿಂದ, ನಾಲ್ಕು ದಿನದ ಮೌನವನ್ನು ಮುರಿದು, ಸುಭದ್ರಾಬಾಯಿಯ ದನಿ ಬಂತು. ಹೆಸರಿಲ್ಲ, ‘ಊಟಕ್ಕೆ ಏಳ್ರಿ’ ಎಂದೂ ಇಲ್ಲ.

“ಹುಲ್ಲುಲ್ಲಿಗ್ಯೋ...”

ಪಡಸಾಲೆಯೆಲ್ಲ ನಕ್ಕಾಗಲೇ ನನಗೆ ಗೊತ್ತಾದದ್ದು, ಅಷ್ಟು ಮಂದಿಯಲ್ಲಿ ಎದ್ದು ನಿಂತವನು ನಾನೊಬ್ಬನೇ ಎಂದು. ನವಿಲುಗಳಿಗೆ ಕಲಿಯಲು ಒಂದು ತಿಂಗಳು ಹಿಡಿದಿತ್ತು. ನನಗೆ ಒಂದು ಕೂಗು ಸಾಕಾಯಿತು.