ಬೀಳುವ ದಿನಾಂಕ ತಿಳಿಸಬೇಕೆಂದು ದೆಹಲಿಯ ಸರ್ಕಾರಕ್ಕೆ ಬಿನ್ನಹ

ದೆಹಲಿಯಲ್ಲಿ, ಈ ಪತ್ರ ತಲುಪುವ ಹೊತ್ತಿಗೆ ಅಧಿಕಾರದಲ್ಲಿ ಉಳಿದಿರಬಹುದಾದ ಸರ್ಕಾರದವರ ಸನ್ನಿಧಾನಕ್ಕೆ,

ಮಾನ್ಯರೇ,

ವಿಜಯವಾಡದ ಗವರ್ನರ್‌ಪೇಟೆಯ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯಾಗಿರುವ, ಮೂಲತಃ ತುಮಕೂರು ಜಿಲ್ಲೆಯವನಾದ ನರಸಿಂಹಮೂರ್ತಿ ಮಾಡುವ ಅನಂತ ನಮಸ್ಕಾರಗಳು. ಇಲ್ಲಿ ನಾವು ಕ್ಷೇಮ, ಅಲ್ಲಿ ತಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನುವುದು ನಮ್ಮ ಕಡೆಯ ವಾಡಿಕೆ. ಆದರೆ ತಮ್ಮ ಕ್ಷೇಮದ ವಿಚಾರದಲ್ಲಿ ಬೆಳಗಿನ ಪತ್ರಿಕೆ ಒಂದು ಹೇಳಿ, ಸಂಜೆಯ ವಾರ್ತೆ ಇನ್ನೊಂದು ಹೇಳುವುದರಿಂದ, ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಪತ್ರ ಓದುವ ಹೊತ್ತಿನ ಪರಿಸ್ಥಿತಿ ನೋಡಿಕೊಂಡು ತಾವೇ ತುಂಬಿಕೊಳ್ಳಬೇಕು.

ಮೊದಲಿಗೆ ಅಭಿನಂದನೆ ಸಲ್ಲಿಸುವುದು ನನ್ನ ಕರ್ತವ್ಯ. ಪ್ರಮಾಣವಚನ ತೆಗೆದುಕೊಂಡ ದಿನವೇ ಹೋಗುವ ದಿನ ಯಾವುದೆಂದು ದೇಶವೆಲ್ಲ ಕೇಳತೊಡಗಿದರೂ, ಬಿದ್ದೇಬಿಟ್ಟಿತು ಎಂದು ಪತ್ರಿಕೆಯವರು ದಪ್ಪಕ್ಷರ ಜೋಡಿಸಿಟ್ಟುಕೊಂಡಾಗಲೆಲ್ಲ ಎದ್ದು ಕುಳಿತು ಒಂದು ಲೋಟ ನೀರು ಕುಡಿದು ಮತ್ತೆ ಮಲಗುವ ತಮ್ಮ ಶಕ್ತಿ ಸಾಮಾನ್ಯವಾದದ್ದಲ್ಲ. ಅದರಲ್ಲೂ ತಮಗೆ ಹೊರಗಿನಿಂದ ಬೆಂಬಲ ಕೊಡುತ್ತಿರುವ ಪಕ್ಷದವರ ಸೌಜನ್ಯವನ್ನು ಎಷ್ಟು ಹೊಗಳಿದರೂ ಸಾಲದು. ನಮ್ಮ ಶಾಖೆಗೆ ಸಾಲಕ್ಕೆ ಜಾಮೀನು ಹಾಕಲು ಬರುವವರು ಕೂಡ ಕನಿಷ್ಠ ಪಕ್ಷ ಒಳಗೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಇವರು ಕಿಟಕಿಯ ಸರಳು ಹಿಡಿದು ಬೀದಿಯಲ್ಲೇ ನಿಂತು, ಒಳಗಿನ ಅಡುಗೆಗೆ ಉಪ್ಪು ಹೆಚ್ಚೆಂದು ಕೂಗುತ್ತಲೇ, ಊಟ ಮಾತ್ರ ಕಿಟಕಿಯಿಂದ ಈಸಿಕೊಳ್ಳುತ್ತಾರೆ. ಇಂಥ ಸ್ನೇಹಿತರನ್ನು ಸಂಪಾದಿಸಿದ ತಾವೇ ಧನ್ಯರು.

ಈಗ ನನ್ನ ಅಹವಾಲು. ನನಗೆ ಒಬ್ಬಳೇ ಮಗಳು, ಹೆಸರು ಅನಸೂಯಾ. ನನಗೆ ಇಲ್ಲಿಗೆ ವರ್ಗವಾದಾಗ ಲಂಗ ಹಾಕಿಕೊಂಡು ರೈಲು ಇಳಿದವಳು, ಈಗ ಮನೆಯಲ್ಲಿ ಕನ್ನಡ ಮಾತಾಡಿದರೂ ಸಿಟ್ಟು, ಅಳು, ಲೆಕ್ಕ ಮೂರನ್ನೂ ತೆಲುಗಿನಲ್ಲೇ ಮಾಡುತ್ತಾಳೆ. ಅವಳಿಗೆ ವಿಶಾಖಪಟ್ಟಣದ ನೌಕಾಪಡೆಯಲ್ಲಿರುವ, ನಮ್ಮ ಕಡೆಯವನೇ ಆದ ಬಾಲಚಂದ್ರ ಎಂಬ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಆಸ್ತಿ, ಒಡವೆ, ಬ್ಯಾಂಡು, ಮೆರವಣಿಗೆ ಯಾವುದರ ಮೇಲೂ ನನಗೆ ಆಸೆಯಿರಲಿಲ್ಲ. ನಾನೂ ನನ್ನ ಹೆಂಡತಿ ಮಂಗಳಾಗೌರಿಯೂ ಜೊತೆಗೆ ನಿಂತು, ನಮ್ಮ ಕೈಯಾರೆ ಮಗಳನ್ನು ಧಾರೆಯೆರೆದು ಕೊಡಬೇಕು ಎನ್ನುವುದೊಂದೇ ಇದ್ದದ್ದು. ಅದಕ್ಕೆ ತಾವು ಹೇಗೆ ಅಡ್ಡ ಬಂದಿರಿ ಎಂದು ತಮಗೆ ಆಶ್ಚರ್ಯವಾಗಬಹುದು. ತಮ್ಮ ಸಾಮರ್ಥ್ಯದ ಅರಿವು ತಮಗೆ ಇಲ್ಲದಿರುವುದೇ ನಿಜವಾದ ವಿನಯ.

ಚುನಾವಣೆ ಬಂದರೆ ಮತಗಟ್ಟೆ ನಡೆಸಲು ಬ್ಯಾಂಕಿನವರನ್ನು ಎಳೆದುಕೊಂಡು ಹೋಗುತ್ತಾರೆ, ಆಗ ನಮ್ಮ ರಜೆಗಳೆಲ್ಲ ರದ್ದು. ಹೀಗಾಗಿ ಅನಸೂಯಾಳ ಮದುವೆಗೆ ಮೂರು ಕಡೆಯ ಒಪ್ಪಿಗೆ ಬೇಕಾಯಿತು: ಪಂಚಾಂಗದ್ದು, ಬಾಲಚಂದ್ರನ ಹಡಗಿನದು, ತಮ್ಮದು. ಪಂಚಾಂಗ ಯುಗಾದಿಗೆ ಮುಂಚೆಯೇ ಅಚ್ಚಾಗಿ ಬರುತ್ತದೆ. ಹಡಗು ರಿಪೇರಿಗೆ ನಿಂತಷ್ಟು ಕಾಲ ಹುಡುಗನಿಗೆ ರಜೆ ಎಂದು ಅವರ ಮೇಲಧಿಕಾರಿಗಳು ಹೇಳಿದ್ದರು. ಸೂರ್ಯನನ್ನು ರಾಹು ಯಾವಾಗ ಹಿಡಿಯುತ್ತಾನೆ, ಯಾವಾಗ ಬಿಡುತ್ತಾನೆ ಎನ್ನುವುದನ್ನು ಕೂಡ ನಮ್ಮ ಪುರೋಹಿತರು ಗಳಿಗೆ ವಿಗಳಿಗೆ ಸಮೇತ ಹೇಳಬಲ್ಲರು. ತಾವು ಹಿಡಿದದ್ದು ಯಾವಾಗ ಎಂದು ಎಲ್ಲರಿಗೂ ಗೊತ್ತು, ಬಿಡುವುದು ಯಾವಾಗ ಎಂದು ಕೇಳಿದರೆ ಅವರೂ ಪಂಚಾಂಗ ಮುಚ್ಚಿ ತಾಂಬೂಲಕ್ಕೆ ಕೈ ಚಾಚಿದರು.

ಆದ್ದರಿಂದ ಶಾಖೆಯಲ್ಲಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಸೇರುವ ವಿದ್ವತ್ಸಭೆಯನ್ನೇ ನಾನು ನಂಬಬೇಕಾಯಿತು. ಬೀದಿಯ ಸಗಟು ಬಟ್ಟೆ ಅಂಗಡಿಯಲ್ಲಿ ಬಾವುಟದ ಬಣ್ಣದ ಬಟ್ಟೆ ಥಾನುಗಟ್ಟಲೆ ಇಳಿದಿದೆ ಎಂದು ಒಬ್ಬರು, ಕೊಂಡಪಲ್ಲಿಯಲ್ಲಿ ಮರದ ಬೊಂಬೆ ಮಾಡುವವರು ದಶಾವತಾರ ಬದಿಗಿಟ್ಟು ಪಕ್ಷಗಳ ಚಿಹ್ನೆ ಕೆತ್ತುತ್ತಿದ್ದಾರೆ ಎಂದು ಇನ್ನೊಬ್ಬರು ಸುದ್ದಿ ತಂದರು. ಸಾಲದ್ದಕ್ಕೆ ನಾನು ಬಾಡಿಗೆಗಿರುವ ಮನೆಯ ಕಾಂಪೌಂಡಿಗೆ ಮದುವೆಗೆಂದು ಸುಣ್ಣ ಹೊಡೆಸಿದ ಮರುದಿನವೇ ಯಾರೋ ಬಂದು, ಈ ಗೋಡೆ ಇಂಥ ಪಕ್ಷಕ್ಕೆ ಮೀಸಲು ಎಂದು ಬರೆದು ಹೋದರು. ಇಷ್ಟೆಲ್ಲ ಲಕ್ಷಣ ಕಂಡ ಮೇಲೂ ತಾವು ಉಳಿಯುತ್ತೀರಿ ಎಂದು ನಂಬಲು ನಾನೇನು ತಮ್ಮ ಮಂತ್ರಿಯೇ?

ಮಾಘದಲ್ಲಿ ಇಟ್ಟಿದ್ದ ಮುಹೂರ್ತವನ್ನು ಬಿಟ್ಟುಕೊಟ್ಟೆ. ತಾವು ಶಿವರಾತ್ರಿ ಕಾಣುವುದಿಲ್ಲ ಎಂದು ಬಲ್ಲವರೆಲ್ಲ ಹೇಳಿದ್ದರು. ತಾವು ಶಿವರಾತ್ರಿಯನ್ನೂ ಕಂಡಿರಿ, ಹೋಳಿಯನ್ನೂ ಆಡಿದಿರಿ. ಮದುವೆ ನಡೆಯಬೇಕಿದ್ದ ದಿನ ನಾನು ಕಲ್ಯಾಣಮಂಟಪದ ಮುಂದೆ ಹಾದುಹೋದಾಗ, ಅದರ ಮಾಲೀಕರಾದ ಈಶ್ವರಯ್ಯನವರು ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿ, ನನ್ನನ್ನು ಕಂಡು ಕೈಮುಗಿದು, ಖಾಲಿ ಬಿಡುವುದು ಯಾಕೆಂದು ಒಣಗಲು ಹಾಕಿದೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಆ ಘಾಟಿಗೆ ಕಣ್ಣಲ್ಲಿ ನೀರು ಬಂತು, ಪಾಪ ಅದರಲ್ಲಿ ತಮ್ಮ ತಪ್ಪೇನೂ ಇಲ್ಲ.

ವೈಶಾಖದಲ್ಲಿ ಇನ್ನೊಂದು ಮುಹೂರ್ತ ನೋಡಿದೆವು. ಲಗ್ನಪತ್ರಿಕೆ ಹಂಚಿ ಮುಗಿಯುವಷ್ಟರಲ್ಲಿ ಕಿಟಕಿಯಾಚೆಯ ಸ್ನೇಹಿತರು ಬೆಂಬಲ ವಾಪಸು ಎಂದು ಸಾರಿದರು. ಚುನಾವಣೆ ಇನ್ನೇನು ಬಂದೇಬಿಟ್ಟಿತೆಂದು ನಾನು ಬಂಧುಗಳಿಗೆಲ್ಲ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಅದನ್ನೂ ಮುಂದೂಡಿದೆ. ಸೀರೆ ಅಂಗಡಿಯಲ್ಲಿ ಬಣ್ಣ ಒಪ್ಪಲಿಲ್ಲವೆಂದು ಹಿಂದಿರುಗಿಸಿ, ಮನೆಗೆ ಹೋಗಿ, ಮತ್ತೆ ಅದೇ ಸೀರೆ ಕೊಡಿ ಎಂದು ಬರುವವರ ಹಾಗೆ ಆ ಸ್ನೇಹಿತರು ತಮ್ಮಲ್ಲಿಗೇ ಹಿಂದಿರುಗಿದ ವಿಷಯ ಮರುದಿನದ ಪತ್ರಿಕೆಯಲ್ಲಿತ್ತು. ಜ್ಯೇಷ್ಠ ಮಾಸದಲ್ಲಿ ಜ್ಯೇಷ್ಠ ಸಂತಾನದ ಮದುವೆ ನಮ್ಮಲ್ಲಿ ಕೂಡದು, ಆಮೇಲೆ ಆಷಾಢ. ಮಂಗಳಾಗೌರಿ ಆಗ ನನಗೆ ಹೇಳಿದ ಮಾತನ್ನು ಹಾಗೆಯೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ: “ಅವ್ರಿಗೇನ್ರೀ, ಬಿದ್ರೂ ಒಂದೇ ಎದ್ರೂ ಒಂದೇ. ನಿಮ್ಗೆ ಬುದ್ಧಿ ಬೇಡ್ವಾ? ಮಗಳ ಮದ್ವೆ ದಿಲ್ಲಿ ಕೇಳ್ಕೊಂಡ್ ಮಾಡ್ತಾರಾ ಯಾರಾದ್ರೂ?” ಈ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿದ್ದರೆ ಕಳುಹಿಸಿಕೊಡಬೇಕು.

ಅಷ್ಟರಲ್ಲಿ ಹಡಗಿನ ರಿಪೇರಿ ಮುಗಿಯುತ್ತ ಬಂದು, ಬಾಲಚಂದ್ರ ಸಮುದ್ರಕ್ಕೆ ಹೊರಡುವುದು ಖಾತ್ರಿಯಾಯಿತು. ದೇಶದಲ್ಲಿ ಹೇಳಿದ ಹೊತ್ತಿಗೆ ಹೊರಡುವ ಸಂಸ್ಥೆ ಇನ್ನೂ ಒಂದಾದರೂ ಉಳಿದಿದೆ ಎಂದು ಹೆಮ್ಮೆಪಡಬೇಕಾದ ಸಮಯದಲ್ಲಿ ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ವೈಶಾಖದ ಕೊನೆಯಲ್ಲಿ ಒಂದೇ ಒಂದು ಮುಹೂರ್ತ ಉಳಿದಿತ್ತು. ಈಶ್ವರಯ್ಯನವರ ಮಂಟಪವನ್ನು ಆ ದಿನಕ್ಕೆ ಒಂದು ಪಕ್ಷದವರು, ಚುನಾವಣೆ ಯಾವಾಗ ಬರಬಹುದೆಂದು ಚರ್ಚಿಸುವ ಸಭೆಗಾಗಿ ಹಿಡಿದುಬಿಟ್ಟಿದ್ದರು. ಸರಿ, ವಿಶಾಖಪಟ್ಟಣದಲ್ಲೇ, ನೌಕಾಪಡೆಯವರ ವಸತಿಯ ಹತ್ತಿರದ ದೇವಸ್ಥಾನದಲ್ಲಿ ಮದುವೆ ಎಂದಾಯಿತು. ನನ್ನ ಭಾವಮೈದುನ ಉಮಾಶಂಕರ ದಂಪತಿಗಳು ತುಮಕೂರಿನಿಂದ ಬಂದು ಮಂಗಳಾಗೌರಿಯನ್ನೂ ಮಗಳನ್ನೂ ಮುಂಚಿತವಾಗಿ ಕರೆದುಕೊಂಡು ಹೋದರು. ಮುಹೂರ್ತದ ಹಿಂದಿನ ದಿನ ಹೊರಡಲು ನನ್ನ ರಜೆಯೂ ಮಂಜೂರಾಗಿತ್ತು.

ಹೊರಡುವ ದಿನವೇ ಆಜ್ಞೆ ಬಂತು. ಮರುದಿನ ತಾವು ಸಂಸತ್ತಿನಲ್ಲಿ ಬಹುಮತ ಸಾಬೀತುಪಡಿಸಬೇಕಾಗಿದ್ದುದರಿಂದ, ಬಿದ್ದರೆ ತಡವಾಗದಿರಲಿ ಎಂಬ ದೂರದೃಷ್ಟಿಯಿಂದ ಇಲ್ಲಿಯ ಯಾವುದೋ ಕಚೇರಿಯವರು ಮತಗಟ್ಟೆಯ ಅಧಿಕಾರಿಗಳೆಲ್ಲರಿಗೂ ಅದೇ ದಿನ ತರಬೇತಿ ಇಟ್ಟಿದ್ದರು. ಗೈರುಹಾಜರಾದರೆ ಕ್ರಮ, ಊರು ಬಿಟ್ಟರೂ ಕ್ರಮ. ನಮ್ಮ ಮ್ಯಾನೇಜರ್ ದುರ್ಗಾಪ್ರಸಾದ್ ಒಳ್ಳೆಯವರು, ನನ್ನ ಪರವಾಗಿ ಖುದ್ದಾಗಿ ಆ ಕಚೇರಿಗೆ ಹೋಗಿ ಕೇಳಿಕೊಂಡರು. ವೈಶಾಖದಲ್ಲಿ ಎಲ್ಲರ ಮನೆಯಲ್ಲೂ ಮದುವೆಯೇ, ಎಲ್ಲರನ್ನೂ ಬಿಟ್ಟರೆ ಪ್ರಜಾಪ್ರಭುತ್ವದ ಗತಿ ಏನು ಎಂದು ಅಲ್ಲಿಯವರು ಕೇಳಿದರಂತೆ. ದುರ್ಗಾಪ್ರಸಾದ್ ವಾಪಸು ಬಂದು, ನನ್ನ ಮುಖ ನೋಡಲಾರದೆ, “ಏಂ ಚೇಸ್ತಾಮಂಡೀ ಮೂರ್ತಿಗಾರೂ” ಎಂದು ಮಾತ್ರ ಅಂದರು. ಏನು ಮಾಡೋಣ ಎಂದು ಆ ತೆಲುಗು ಮಾತಿನ ಅರ್ಥ; ನಾನು ಮಾಡಿದ್ದು ರೈಲಿನ ಟಿಕೆಟ್ಟು ರದ್ದು ಮಾಡಿಸಿದ್ದು.

ಮಾನ್ಯರೇ, ಧಾರೆ ಎರೆಯಲು ದಂಪತಿಗಳೇ ಬೇಕು ಎನ್ನುವ ನಮ್ಮ ಪದ್ಧತಿ ತಮಗೆ ತಿಳಿದಿರಲಾರದು. ಗಂಡ ಪಕ್ಕದಲ್ಲಿಲ್ಲದ ಮೇಲೆ ಹೆತ್ತ ತಾಯಿಗೂ ಆ ಹಕ್ಕಿಲ್ಲ. ಉಮಾಶಂಕರನೂ ಅವನ ಹೆಂಡತಿಯೂ ಕುಳಿತು ಧಾರೆಯೆರೆದರು; ಮಂಗಳಾಗೌರಿ, ತನ್ನ ಮಗಳ ಮದುವೆಯಲ್ಲಿ, ಬಂದವರ ಜೊತೆ ಅಕ್ಷತೆ ಹಿಡಿದು ಬದಿಗೆ ನಿಂತಿದ್ದಳು. ಅದೇ ಹೊತ್ತಿಗೆ ನಾನು ವಿಜಯವಾಡದ ಶಾಲೆಯೊಂದರ ಹಾಲ್‌ನಲ್ಲಿ ಮೊದಲ ಬೆಂಚಿನಲ್ಲಿ ಕುಳಿತು, ಮತಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತುವುದನ್ನು ನೋಡುತ್ತಿದ್ದೆ. ಪಾಠ ಹೇಳುವ ಅಧಿಕಾರಿಗೆ ಮತದಾರರ ಬೆರಳಿಗೆ ಶಾಯಿ ಹಚ್ಚುವ ಕ್ರಮ ತೋರಿಸಲು ಒಂದು ಬೆರಳು ಬೇಕಾಯಿತು. ಎದುರಿಗೆ ಸಿಕ್ಕಿದ್ದು ನನ್ನದು. ಎಡಗೈ ಹಿಡಿದು, ಚರ್ಮಕ್ಕೂ ಉಗುರಿಗೂ ತಾಗುವಂತೆ ಗೆರೆ ಎಳೆದು, ಒಣಗುವವರೆಗೆ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿಯಿರಿ ಎಂದ. ಮಗಳ ಕೈ ಹಿಡಿದು ಕೊಡಬೇಕಾದ ಗಳಿಗೆಯಲ್ಲಿ ನಾನು ಒಂದು ಬೆರಳು ಮೇಲೆತ್ತಿ ನಿಂತಿದ್ದೆ. ಆಗ ನನಗೆ ಅಳು ಬಂತು ಎಂದು ಬರೆಯಲು ನನಗೆ ಸಂಕೋಚವಿಲ್ಲ. ಓದಲು ತಮಗೆ ಸಂಕೋಚವಾಗದು ಎಂದೂ ಗೊತ್ತು.

ಸಿಕ್ಕಿದ ರೈಲು ಹತ್ತಿ ನಾನು ವಿಶಾಖಪಟ್ಟಣ ಮುಟ್ಟಿದಾಗ ಅಳಿಯ ಬಿಳಿಯ ಸಮವಸ್ತ್ರ ತೊಟ್ಟು ಹಡಗಿಗೆ ಹೊರಟು ನಿಂತಿದ್ದ. ಕಾಲಿಗೆ ನಮಸ್ಕರಿಸಿದ ಮಗಳನ್ನು ಎತ್ತಲು ಹೋದೆ. ಅವಳು ನನ್ನ ಬೆರಳು ನೋಡಿದಳು. “ನಾನ್ನಾ, ಎಲೆಕ್ಷನ್ ಅಯಿಪೋಯಿಂದಾ?” ಅಂದಳು. ಹುಟ್ಟಿದಾಗಿನಿಂದ ಅಪ್ಪಾ ಎಂದೇ ಕರೆದವಳು ಅಂದು ನಾನ್ನಾ ಎಂದಳು. ಅಪ್ಪಾ, ಚುನಾವಣೆ ಮುಗಿದುಹೋಯಿತಾ ಎಂದು ಕೇಳಿದಳು. ಪಕ್ಕದ ಹೋಟೆಲಿನ ಟೀವಿಯಲ್ಲಿ ತಾವು ಬಹುಮತ ಗೆದ್ದು, ಎರಡೂ ಕೈ ಮೇಲೆತ್ತಿ ನಗುತ್ತಿದ್ದಿರಿ. ಚುನಾವಣೆ ಸದ್ಯಕ್ಕಿಲ್ಲ ಎಂದು ವಾರ್ತೆಯವರು ಹೇಳಿದ್ದನ್ನೇ ನಾನು ಮಗಳಿಗೆ ಹೇಳಿದೆ.

ಆದುದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದೆ ಬೀಳುವ ಮನಸ್ಸಾದರೆ ದಯಮಾಡಿ ಆಷಾಢದಲ್ಲೋ ಧನುರ್ಮಾಸದಲ್ಲೋ ಬೀಳಬೇಕು, ಆಗ ನಮ್ಮಲ್ಲಿ ಮದುವೆಗಳಿರುವುದಿಲ್ಲ. ಪಿತೃಪಕ್ಷವಾದರೆ ಇನ್ನೂ ಪ್ರಶಸ್ತ, ತಮಗೂ ಎರಡು ಎಳ್ಳು ಬಿಡುತ್ತೇವೆ. ಬೀಳದೆ ಇರುವುದಾದರೆ ಹಾಗೆಂದು ಒಂದು ಸಾಲು ಬರೆದು ಸಹಿ ಮಾಡಿ ಊರೂರಿನ ಕಲ್ಯಾಣಮಂಟಪಗಳ ಬಾಗಿಲಿಗೆ ಅಂಟಿಸಬೇಕು. ಇವೆರಡೂ ಕಷ್ಟವೆನಿಸಿದರೆ, ಸಂವಿಧಾನಕ್ಕೆ ತಿದ್ದುಪಡಿ ತಂದಾದರೂ ಸರಿ, ವೈಶಾಖದ ಆ ಬೆಳಗ್ಗೆಯನ್ನು ನನಗೂ ಮಂಗಳಾಗೌರಿಗೂ ವಾಪಸು ಕೊಡಿಸಬೇಕು. ಕಿಟಕಿಯಾಚೆಯ ಸ್ನೇಹಿತರು ಇದಕ್ಕೂ ಹೊರಗಿನಿಂದ ಬೆಂಬಲ ಕೊಟ್ಟಾರು.

ಇಂದು ಸಂಜೆಯ ವಾರ್ತೆಯವರೆಗೆ
ತಮ್ಮ ವಿಶ್ವಾಸಿ,
ನರಸಿಂಹಮೂರ್ತಿ

ಮರೆತ ಮಾತು: ಬೆರಳಿನಲ್ಲಿ ಗುರುತಿರುವವನು ಮತ ಹಾಕಿ ಬಂದವನೆಂದೇ ಲೆಕ್ಕ, ಅವನಿಗೆ ಮತಪತ್ರ ಕೊಡಬಾರದು ಎಂದು ಆ ದಿನ ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದಾರೆ. ಚರ್ಮದ ಮೇಲಿನದು ಹೋಗಿದೆ, ಉಗುರಿನ ಮೇಲಿನದು ಇನ್ನೂ ಇದೆ. ತಾವು ಅವಸರಪಟ್ಟು ನಾಳೆಯೇ ಚುನಾವಣೆ ಕರೆದರೆ ತಮ್ಮ ವಿರುದ್ಧ ಬೀಳಬೇಕಾದ ಒಂದು ಓಟು ತಪ್ಪಿ, ತಮ್ಮ ಆಳ್ವಿಕೆಯಲ್ಲಿ ಬುದ್ಧಿವಂತಿಕೆಯ ಕೆಲಸ ಒಂದಾದರೂ ನಡೆದಂತಾಗುತ್ತದೆ. ಆದರೆ ತಾವು ತೀರ್ಮಾನ ಮಾಡುವ ವೇಗವನ್ನು ನಾನು ಬಲ್ಲೆ. ಉಗುರನ್ನು ಪ್ರತಿ ಭಾನುವಾರ ತಪ್ಪದೆ ಕತ್ತರಿಸುತ್ತಿದ್ದೇನೆ.