ಗಚ್ಚಿಯ ಮೇಲಿನ ಗಿರಕಿ ಒದೆ

“ಈ ಐತವಾರ ಅಕ್ಕಲಕೋಟದಾಗ ನಾ ಗಾಳ್ಯಾಗ ತಿರುಗಿ ಒದೀತೀನಿ. ನಿಮ್ಮ ಅಣ್ಣತಮ್ಮರು ಬಾಯಿ ತಕ್ಕೊಂಡು ನೋಡಬೇಕು!”

ಚಹದ ಕಪ್ಪು ಕೆಳಗಿಟ್ಟು ಧರ್ಮರಾಜ ಹೆಂಡತಿ ದೀಪಾಲಿಯ ಮುಂದೆ ಘೋಷಿಸಿಯೇಬಿಟ್ಟ. ಅವನು ಬಿ.ಎಸ್ಸಿ. ಪದವೀಧರ, ಸೊಲ್ಲಾಪುರದ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಟವೆಲುಗಳ ತಪ್ಪು ಹುಡುಕುವ ಕೆಲಸ. ನಲವತ್ತರ ಹೊಸ್ತಿಲಲ್ಲಿ ಕರಾಟೆ ಕ್ಲಾಸು ಸೇರಿದ್ದ. ಅಕ್ಕಲಕೋಟದ ಪ್ರದರ್ಶನಕ್ಕೆ ದೊಡ್ಡವರಲ್ಲಿ ಒಬ್ಬರಿಗೆ ಮಾತ್ರ ಜಾಗ. ಆ ಒಬ್ಬ ಇವನೇ ಹೌದೋ ಅಲ್ಲವೋ ಎಂದು ನೋಡಲು ಕರಾಟೆಯ ಧನರಾಜ ಸರ್ ಆ ಸಂಜೆ ಮನೆಗೇ ಬರುವವರಿದ್ದರು.

ಅಕ್ಕಲಕೋಟ ಹೆಂಡತಿಯ ತವರು. ಮದುವೆ ಮಂಟಪದಲ್ಲಿ ಧರ್ಮರಾಜನ ಕಾಲು ನೋಡಿ “ಜ್ವಾಳದ ದಂಟು!” ಎಂದು ನಕ್ಕಿದ್ದ ಭಾವಮೈದುನರ ಊರು! ಆ ದಂಟು ಗಾಳಿಯಲ್ಲಿ ಗಿರಕಿ ಹೊಡೆಯುವುದನ್ನು ಅವರು ನೋಡಲೇಬೇಕಿತ್ತು.

“ಏನ್ರಿ, ನಿನ್ನಿ ಸಾಕ್ಸ್ ಹಾಕ್ಕೊಳ್ಳಾಕ ಗ್ವಾಡಿ ಹಿಡದಿದ್ರಿ. ಇವತ್ತ ಗಾಳ್ಯಾಗ?” ಎಂದಳು ದೀಪಾಲಿ.

“ಇದು ವಿಜ್ಞಾನ! ಕೈ ಎದಿಗೆ ಎಳಕೊಂಡ್ರ ಗಿರಕಿ ಜೋರಾಗ್ತೈತಿ. ಹೊರಳು, ಜಿಗಿ, ಒದಿ. ಮುಗೀತು!”

“ಮುಗೀತು ಅಂತ ನೀವ ಅಂದ್ರಿ ಮತ್ತ.”

ಮನೆಯ ಮಾಳಿಗೆಯಲ್ಲಿ, ಗಚ್ಚಿಯ ಮೇಲೆ ರಣರಂಗ ಸಿದ್ಧವಾಯಿತು. ನೆಲಕ್ಕೆ ಸೀಮೆಸುಣ್ಣದ ವೃತ್ತ. ಹಗ್ಗಕ್ಕೆ ಒಣಹಾಕಿದ್ದ ಸೊಲ್ಲಾಪುರಿ ಚಾದರವೇ ಶತ್ರು. ಅದರಲ್ಲಿ ನೇಯ್ದ ನವಿಲಿನ ಕಣ್ಣೇ ಗುರಿ. ಪಕ್ಕದ ಮಂಚ, ಅಂದರೆ ಹೊರಸಿನ ಮೇಲೆ ಅವನ ತಾಯಿ ಹುಚ್ಚವ್ವ, ಅಕ್ಕಲಕೋಟದ ಬೀಗರಿಗೆಂದೇ ಬಡಿದ ಕಡಕ ರೊಟ್ಟಿಗಳನ್ನು ಹರಡಿದ್ದಳು.

ಧನರಾಜ ಸರ್ ಮೆಟ್ಟಿಲ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಧರ್ಮರಾಜನ ಉತ್ಸಾಹಕ್ಕೆ ರೆಕ್ಕೆ ಬಂತು. “ಥಾಂಬಾ, ಥಾಂಬಾ!” ಎಂದು ಅವರು ತಡೆಯುವಷ್ಟರಲ್ಲಿ ಜಿಗಿದೇಬಿಟ್ಟ!

ಸೊಂಟ, ಮೊಣಕಾಲು, ಮೊಣಕೈ ಎಲ್ಲದರ ಲೆಕ್ಕವನ್ನೂ ಅವನು ಮಾಡಿಕೊಂಡಿದ್ದ. ತಲೆಯೊಂದನ್ನು ಮಾತ್ರ, ತೂಕ ನಗಣ್ಯವೆಂದು ಬಿಟ್ಟುಬಿಟ್ಟಿದ್ದ. ಹಾಗಾಗಿ ಕಾಲು ಮುಂದಕ್ಕೆ ಹೋಯಿತು, ಕಣ್ಣು ಹಿಂದೆಯೇ ಉಳಿಯಿತು. ನವಿಲು ಎತ್ತ ಹಾರಿತೋ! ಕಾಲಿಗೆ ಚಾದರ ಸುತ್ತಿತು, ಚಾದರಕ್ಕೆ ಹಗ್ಗ ಸುತ್ತಿತು, ಹಗ್ಗ ಹರಿದು ಮೂವರೂ ಹೊರಸಿನ ಮೇಲೆ ಬಿದ್ದರು.

ಕಟ್! ಕಟಕಟ! ಕಟಾರ್!

“ಅಯ್ಯಯ್ಯ, ಇವರ ಎಲಬು ಮುರೀತು!” ದೀಪಾಲಿ ಓಡಿ ಬಂದಳು.

“ಎಲಬಲ್ಲ, ರೊಟ್ಟಿ!” ಹುಚ್ಚವ್ವ ಕೂಗಿದಳು. “ಎಲಬಾದ್ರ ಕೂಡ್ತಿತ್ತು. ಬೀಗರಿಗೆ ಈಗ ಪುಡಿ ಕಟ್ಟಿ ಕಳಸ್ಲೇನ?”

ಚಾದರದೊಳಗಿಂದ ಕ್ಷೀಣವಾದ, ಆದರೆ ಇನ್ನೂ ಆಸೆ ಬಿಡದ ಧ್ವನಿ ಬಂತು: “ಅಕ್ಕಲಕೋಟ ಪಕ್ಕಾ ನಾ, ಸರ್?”

ಧನರಾಜ ಸರ್ ಚಾದರದ ಅಂಚೆತ್ತಿ ನೋಡಿದರು. ಈ ಸಲ ಬೇಡವೆಂದು ಕೈಯಾಡಿಸಿ, ಹಾರಿ ತಿರುಗಿ ಒದೆಯುವ ವಿದ್ಯೆಯ ಮೊದಲ ಪಾಠವನ್ನು ತಮ್ಮ ಮರಾಠಿಯಲ್ಲೇ ಹೇಳಿದರು: “ಆಧೀ ಮಾನ್ ಗೇಲೀ ಪಾಹಿಜೆ, ಮಗ್ ಪಾಯ್!”

ಮೊದಲು ಕುತ್ತಿಗೆ ಹೋಗಬೇಕು, ಕಾಲು ಆಮೇಲೆ. ಸರ್ ಅವರ ಮರಾಠಿಯಲ್ಲಿ ‘ಮಾನ್’ ಎಂದರೆ ಕುತ್ತಿಗೆ. ಚಪಳಗಾಂವದ ಕನ್ನಡ ಮನೆಯಲ್ಲಿ ಬೆಳೆದ ಹುಚ್ಚವ್ವನ ಕಿವಿಗೆ ಮಾತ್ರ ಆ ಒಂದು ಶಬ್ದ ಅಚ್ಚ ಕನ್ನಡವಾಗಿಯೇ ಬಿತ್ತು. ಸುತ್ತಲಿನ ಗಚ್ಚಿಗಳ ಮೇಲೆ ನಿಂತು ನಗುತ್ತಿದ್ದ ಓಣಿಯ ಮಂದಿಯನ್ನೊಮ್ಮೆ ನೋಡಿ, ಅವಳು ನಿಟ್ಟುಸಿರು ಬಿಟ್ಟಳು.

“ಮಾನ ಹೋಗ್ಯಾದ್ರಿ ಮಾಸ್ತರ್ರ! ಕಾಲಾದ್ರೂ ಉಳದಾವೇನ ನೋಡ್ರಿ!”