ಪೇರಲ ಹೊಗಿಯ ಚಾ

ಆಫ್ರಿಕಾದ ಚಾಪುಡಿ ಕೆಟ್ಟಿರಲಿಲ್ಲ. ಕೆಡಿಸಿದಾಕಿ ನಾನು.

ಮೊಮ್ಮಗಳು ಗಿರಿಜಾನ್ನ ನೋಡಾಕ ಲಕಮನಹಳ್ಳಿಯಿಂದ ಬೀಗರು ಬರುವವರಿದ್ದರು. ಹುಡುಗನ ದೊಡ್ಡಪ್ಪ ಆಫ್ರಿಕಾದ ಮಲಾವಿ ಅನ್ನೋ ದೇಶದಾಗ ಚಾದ ತೋಟದ ಮ್ಯಾನೇಜರು. ಆ ಮನ್ಯಾಗ ಅವರು ಹೂಂ ಅಂದರ ಲಗ್ನ, ಇಲ್ಲಂದರ ಇಲ್ಲ. ರಜಾಕ್ಕ ಊರಿಗೆ ಬಂದಿದ್ದ ಅವರು ಮುಂಚೇನ ಒಂದು ಡಬ್ಬಿ ಚಾಪುಡಿ ಕಳಿಸಿದ್ದರು. ಮುಚ್ಚಳ ತಗದು ಮೂಸಿದೆ. ಬೆಂಕಿ ಬಿದ್ದ ಮನಿ ವಾಸನಿ!

"ಪಾಪ, ಬರೋವಾಗ ಎಲ್ಲೋ ಹೊಗಿ ಹಿಡದೈತಿ. ಅವರಿಗೆ ಗೊತ್ತಾಗಿಲ್ಲ," ಅಂದೆ.

"ಇದ್ದಂಗ ಇಡು," ಅಂದರು ನಮ್ಮ ಮನಿಯವರು.

"ನೀವು ಪೇಪರ್ ಓದ್ರಿ."

ಜೋಳಕ್ಕ ಮುಗ್ಗಲು ವಾಸನಿ ಬಂದರ ಏನು ಮಾಡ್ತೇವಿ? ಬಿಸಿಲಿಗೆ ಹಾಕ್ತೇವಿ. ಮಾಳಿಗಿ ಮ್ಯಾಲೆ ಹಳೇ ಧೋತರ ಹಾಸಿ ಚಾಪುಡಿ ಹರವಿದೆ. ಹುಳ ಆಗಬಾರದು ಅಂತ ಬೇವಿನ ತಪ್ಪಲನೂ ಸೇರಿಸಿದೆ. ಕುಂತಲ್ಲಿ ಕುಂದರಲಾರದ ಹತ್ತಿ ಹತ್ತಿ ಹೋಗಿ ಕೈಯಾಡಿಸಿ ಬಂದೆ. ಶನಿವಾರ ಸಂಜಿಗೆ ಹೊಗಿ ಹೋತು. ಚಾದ ವಾಸನಿನೂ ಹೋತು. ಬೇವು ಉಳೀತು.

ಆಗ ಹುಡುಗನ ತಾಯಿ ಫೋನು.

"ಅಕ್ಕಾರ, ನಾಳೆ ಭಾವಾರು ಕಳಿಸಿದ ಚಾನ ಮಾಡ್ರಿ. ಅದನ್ನ ಪೇರಲ ಕಟಗಿ ಹೊಗಿಯೊಳಗ ಹದ ಮಾಡಿರತಾರ. ಮೊದಲ ನಾಲಿಗಿಗೆ ಹೊಗಿ ಹತ್ತತೈತಿ, ಆಮ್ಯಾಲೆ ಜೇನಿನಂಗ ಸಿಹಿ. ಹಾಲು ಮಾತ್ರ ಹಾಕಬ್ಯಾಡ್ರಿ!"

ಫೋನು ಇಟ್ಟೆ. ಮತ್ತೊಮ್ಮೆ ಚಾಪುಡಿ ಮೂಸಿದೆ, ಬರೇ ಬೇವು. ಆದರೂ ಧೈರ್ಯ ಬಿಡಲಿಲ್ಲ. ಬೇಕಾದದ್ದು ಹೊಗಿ ತಾನ? ಹಾಕಿದರಾತು! ಬಾಜು ಮನಿ ನೀಲವ್ವನ ಹಿತ್ತಲದಾಗಿಂದ ಪೇರಲ ಟೊಂಗಿ ಮುರಕೊಂಡು ಬಂದು ಬಚ್ಚಲ ಒಲಿಗೆ ತುರುಕಿದೆ. ಹಸೀ ಕಟಗಿ. ಹತ್ತಲಿಲ್ಲ. ಸಗಣಿ ಕುಳ್ಳು ಇಟ್ಟೆ. ಹತ್ತಲಿಲ್ಲ. ಒಂದೀಟು ಚಿಮಣಿ ಎಣ್ಣಿ ಸುರುವಿದೆ. ಹತ್ತಿತು!

ಜರಡಿಯೊಳಗ ಚಾಪುಡಿ ಹಿಡಕೊಂಡು ನಿಂತೆ. ಓಣಿ ತುಂಬ ಹೊಗಿ. ನೀಲವ್ವ ಕೊಡ ನೀರು ಹೊತಗೊಂಡು ಓಡಿ ಬಂದಳು.

"ಎಲ್ಲಿ ಬಿತ್ರಿ ಬೆಂಕಿ?"

"ಎಲ್ಲೂ ಬಿದ್ದಿಲ್ಲ. ಚಾ ತಯಾರಿ ಮಾಡಾಕತ್ತೇನಿ. ಮನಿಗೆ ಹೋಗು."

"ಚಾಕ್ಕ ಇಷ್ಟು ಕಟಗ್ಯಾ? ಅಯ್ಯ, ಅದು ನಮ್ಮ ಪೇರಲ ಅಲ್ಲೇನ್ರಿ!"

ಮರುದಿನ ಬೀಗರು ಬಂದರು. ದೊಡ್ಡಪ್ಪನವರು ಕಪ್ಪು ತಗೊಂಡು, ಕಣ್ಣು ಮುಚ್ಚಿ, ಒಂದು ಗುಟುಕು ಕುಡದರು. ಕಣ್ಣು ತಗದರು.

"ಯಜಮಾಂತೇರ, ಇದರಾಗ ಪೇರಲ ಐತಿ. ಕುಳ್ಳು ಐತಿ. ಬೇವು ಐತಿ. ಚಿಮಣಿ ಎಣ್ಣಿನೂ ಐತಿ. ನಮ್ಮ ಚಾ ಎಲ್ಲಿ ಹೋತ್ರಿ?"

ಗಿರಿಜಾ ನಗಿ ತಡೀಲಾರದ ಬಿಸಿಲಿನಿಂದ ಬಚ್ಚಲದ ತನಕ ಎಲ್ಲಾ ಹೇಳಿಬಿಟ್ಟಳು. ಮುಗೀತು ಈ ಸಂಬಂಧ, ಅಂದ್ಕೊಂಡೆ. ದೊಡ್ಡಪ್ಪನವರು ನಕ್ಕ ರಭಸಕ್ಕ ಕಪ್ಪಿನ್ಯಾಗಿನ ಚಾ ಅಂಗಿ ಮ್ಯಾಲೆ ಬಿತ್ತು.

"ಹುಡುಗಿ ಮುಚ್ಚಿಡೋದಿಲ್ಲ, ಖರೇ ಹೇಳ್ತಾಳ. ನಮಗ ಒಪ್ಪಿಗಿ. ಆದರ ಒಂದ ಷರತ್ತು. ಲಗ್ನದ ದಿನ ಯಜಮಾಂತೇರು ಒಲಿ ಹತ್ತರ ಬರಬಾರದು!"

"ಒಪ್ಪಿಗಿ!" ಅಂದರು ಎಲ್ಲಾರಕಿಂತ ಮೊದಲ ನಮ್ಮ ಮನಿಯವರು.

ಮಾರನೇ ದಿನ ಮುಂಜಾನೆ ನನಗ ಚಾ ಮಾಡಾಕ ಧೈರ್ಯ ಬರಲಿಲ್ಲ. ನಮ್ಮ ಮನಿಯವರು ಏಳೋದರಾಗ ಕೆಟಲಿ ತಗೊಂಡು ಮೂಲಿ ಅಂಗಡಿಗೆ ಹೋಗಿ ಚಾ ತಂದು, ನಮ್ಮ ಕಪ್ಪಿಗೆ ಸುರುವಿ, ಮುಂದ ಇಟ್ಟೆ. ಒಂದು ಗುಟುಕು ಕುಡದವರು ನನ್ನ ಮುಖ ನೋಡಿದರು.

"ಲಗ್ನ ಆದಾಗಿಂದ ಇಂಥಾ ಚಾ ನೀ ಮಾಡಿದ್ದಿಲ್ಲ ನೋಡು!"

ಕೆಟಲಿ ಸೆರಗಿನ್ಯಾಗ ಮುಚಗೊಂಡು ಒಳಗ ಹೋದೆ.